ಮದ್ದು

ಬಲಗಡೆ ನಿಂತು ಮಾತಾಡಿ ಸಾರ್,
ಎಡಗಿವಿಯ ಬಾಗಿಲು ಮುಚ್ಚಿ ಬಹಳ ದಿನವಾಯಿತು.
ಇಪ್ಪತ್ತೆರಡು ವರ್ಷ ಇದೇ ಗುಡ್ಡಕ್ಕೆ
ಮದ್ದು ತುಂಬಿದವನು ನಾನು,
ತಿಪ್ಪಾಬೋವಿಯ ಮಗ ಸಿದ್ರಾಮ.

ಮಾದಾಪುರ ದಾಟಿ ನೀವು ಬಂದಿರಲ್ಲ, ಆ ದಾರಿ
ಟಿಪ್ಪರ್ ಓಡಿ ಓಡಿ ಆದದ್ದು.
ಈಗ ನಡುವೆ ಹುಲ್ಲು,
ಗಾಲಿ ಕೊರೆದ ಗುಳಿಯಲ್ಲಿ ಕಪ್ಪೆಮೊಟ್ಟೆ.
ಗುಡ್ಡ ಅಂತಲೇ ಕರೆಯುತ್ತಾರೆ ಇನ್ನೂ.
ನೋಡಿ, ಗುಡ್ಡ ಎದ್ದು ಹೋದ ಗುರುತಷ್ಟೇ ಇದು.
ಗುಡ್ಡ ಬೇಕಿದ್ದರೆ ಕುಶಾಲನಗರದ ತಾರಸಿಗಳಲ್ಲಿ ಹುಡುಕಬೇಕು,
ರಸ್ತೆಯ ಡಾಂಬರು ಕೆರೆದು ನೋಡಬೇಕು.

ಆಗಿನ ಕುಳಿ ಒಂದೂವರೆ ಇಂಚು ಅಗಲ, ಐದಡಿ ಆಳ.
ಈಗಿನ ಗುಂಡಿ ಒಂದೂವರೆ ಅಡಿ, ಮೂರೂ ಕಡೆ.
ಗಾರ್ಡು ಮೊಣ್ಣಪ್ಪ ಟೇಪು ಇಳಿಬಿಟ್ಟು ಅಳೆಯುತ್ತಾನೆ,
ಹಿಂದೆ ಮೇಸ್ತ್ರಿ ಅಳೆದ ಹಾಗೇ.
ಕೂಲಿ ಮಾತ್ರ ಆಗಲೇ ಹೆಚ್ಚಿತ್ತು.

ಮೊದಲ ವರ್ಷ ಆರುನೂರು ಗಿಡ.
ಅಕೇಶಿಯ, ಸಿಲ್ವರ್ ಓಕು, ಲಾರಿಯಲ್ಲಿ ಬಂದು ಇಳಿದವು.
ಕಕ್ಕಡದ ಮಳೆ ಗುಂಡಿಯ ಮಣ್ಣನ್ನೆಲ್ಲ
ಅಂಗಳ ತೊಳೆದ ಹಾಗೆ ತೊಳೆದುಕೊಂಡು ಹೋಯಿತು.
ಫೆಬ್ರವರಿಯಲ್ಲಿ ಎಣಿಸಿದೆವು. ಐವತ್ತೊಂದು.
ಮೊಣ್ಣಪ್ಪ ಪುಸ್ತಕ ಮಡಚಿ ನನ್ನ ಹತ್ತಿರ ಬೀಡಿ ಕೇಳಿದ.
ಅವನು ಬೀಡಿ ಸೇದುವವನಲ್ಲ.

ನರ್ಸರಿಯ ಮುತ್ತಿ, ಹಾಡಿಯಿಂದ ನಡೆದು ಬರುವವಳು,
ಸೊಂಟಕ್ಕೆ ಕೈಯಿಟ್ಟು ನೋಡಿ ಅಂದಳು,
'ಕಲ್ಲಿಗೆ ಮರ ಯಾಕೆ ಕೊಡ್ತೀರಿ? ಮೊದಲು ಕಸ ಕೊಡಿ.'
ಎರಡು ವರ್ಷ ಬರೀ ಕಸ ಹೊತ್ತೆವು ಸಾರ್.
ಕಾಫಿ ಸಿಪ್ಪೆ, ಕೆರೆಯ ಹೂಳು,
ಎಸ್ಟೇಟಿನವರು ಕಿತ್ತೆಸೆದ ಕಳೆ.
ಕಲ್ಲು ಹೊತ್ತ ಬೆನ್ನಿಗೆ ಅದು ಎಷ್ಟು ಹಗುರ ಅಂದರೆ
ಸಂಜೆ ಕೂಲಿ ತೆಗೆದುಕೊಳ್ಳಲು ನಾಚಿಕೆ.
ಆಮೇಲೆ ಹಾಲುವಾಣದ ಗೂಟ, ಉಪ್ಪಳಿಗೆ.
ಉಪ್ಪಳಿಗೆಗೆ ಯಾರೂ ಬೆಲೆ ಕಟ್ಟುವುದಿಲ್ಲ,
ತೊಲೆಗಾಗದು, ಬಾಗಿಲಿಗಾಗದು,
ಆದರೆ ಒಂದೊಂದು ಎಲೆಯೂ ಒಂದೊಂದು ಕೊಡೆ.
ಅದರಡಿ ನೇರಳೆ ನಿಂತಿತು. ಹೊನ್ನೆ, ಎರಡು ಸಲ ಸತ್ತು,
ಮೂರನೆಯದಕ್ಕೆ ನಿಂತಿತು.

ಈ ಸಲ ಕಕ್ಕಡ ಹದಿನೆಂಟಕ್ಕೆ
ಮುತ್ತಿ ಆ ನೆರಳಿನಿಂದಲೇ ಒಂದು ಮಡಿಲು ಸೊಪ್ಪು ಕಿತ್ತು ತಂದಳು.
ತಾನೇ ತಂದು ಊರಿದ್ದಳಂತೆ, ಯಾರಿಗೂ ಹೇಳದೆ.
ಅಕ್ಕಿ, ಬೆಲ್ಲ, ತೆಂಗಿನಕಾಯಿ,
ಪಾಯಸ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು.
'ಇದು ಏನು?' ಅಂದೆ.
'ಮದ್ದು' ಅಂದಳು.
ಕೇಳಿಸಲಿಲ್ಲ ಅಂದುಕೊಂಡು ಮತ್ತೆ ಕೂಗಿದಳು,
'ಮದ್ದು, ಮದ್ದುಸೊಪ್ಪು!'
ಕೇಳಿಸಿತ್ತು ಸಾರ್. ತಟ್ಟೆ ಹಿಡಿದ ಕೈ
ಹಳೇ ಅಭ್ಯಾಸಕ್ಕೆ ಹಿಂದಕ್ಕೆ ಓಡಿತ್ತು, ಅಷ್ಟೇ.

ಈಗ ಆ ಪಡುವಣ ಗೋಡೆ ನೋಡಿ. ಇಲ್ಲಿಂದಲೇ.
ಕೊನೆಯ ದಿನ ನಾನು ಹಚ್ಚಿದ್ದು ಹನ್ನೊಂದು ಬತ್ತಿ.
ಎಣಿಸಿದ್ದು ಹತ್ತು ಸದ್ದು.
ಮೇಸ್ತ್ರಿಗೆ ಹೇಳಿದೆ.
'ನಿನ್ನ ಕಿವಿಯ ಲೆಕ್ಕ ಯಾರು ನಂಬ್ತಾರೋ' ಅಂದ.
ಮರುದಿನ ಆರ್ಡರು ಬಂದು ಗೇಟಿಗೆ ಬೀಗ ಬಿತ್ತು.
ಏಳು ವರ್ಷ ಆ ಗೋಡೆಯ ಬುಡದಲ್ಲಿ
ಗುಂಡಿ ತೋಡಲು ಯಾರನ್ನೂ ಬಿಟ್ಟಿಲ್ಲ,
ಅಲ್ಲಿ ಕಲ್ಲು ಗಟ್ಟಿ ಅಂತ ಸುಳ್ಳು ಹೇಳಿ.

ಎರಡಾಳು ಎತ್ತರದಲ್ಲಿ ಹಸಿರು ಕಾಣುತ್ತಾ?
ಬಸರಿ. ಯಾವ ಹಕ್ಕಿ ಹಾಕಿತೋ.
ನನ್ನ ಕುಳಿಯಿಂದಲೇ ಹೊರಗೆ ಬಂದಿದೆ.
ಒಳಗೆ ಬೇರು ಎಷ್ಟು ದೂರ ಹೋಗಿದೆ,
ಅಲ್ಲಿ ಇನ್ನೂ ಏನಿದೆ, ಏನು ನೀರಾಗಿದೆ,
ರಾತ್ರಿ ಮಲಗಿದಾಗ ನಾನು ಆ ಐದಡಿಯಲ್ಲಿ ತಡಕುತ್ತಿರುತ್ತೇನೆ.

ಬದುಕಿರುವ ಗಿಡ ಬರೆದುಕೊಳ್ಳಲು ಬಂದಿದ್ದೀರಿ,
ಅದಕ್ಕೇ ಹೇಳಿದೆ.
ಗೋಡೆಯ ಹತ್ತಿರ ಹೋಗಬೇಡಿ, ಗೊತ್ತಿರುವವರನ್ನು ಕರೆಸಿ.
ಪುಸ್ತಕದಲ್ಲಿ ಹೀಗೆ ಬರೆಯಿರಿ:
ಬಸರಿ, ಒಂದು.
ನಾವು ನೆಟ್ಟದ್ದಲ್ಲ.
ಕುಳಿ ಸಿದ್ರಾಮನದು.